ಮೊದಲ ಸೀನಿಗೆ ಬೆಚ್ಚಿದ ದೊಡ್ಡಪತ್ರೆ

ಆಗ ಲೋಕ ಬಹಳ ಹೊಸದು, ಮಗಾ. ಆಕಾಶಕ್ಕೆ ಬಳಿದ ನೀಲಿ ಇನ್ನೂ ಸರಿಯಾಗಿ ಆರಿರಲಿಲ್ಲ. ಎತ್ತರಕ್ಕೆ ಹಾರಿದ ಹಕ್ಕಿಗಳ ರೆಕ್ಕೆಗೆ ಅದು ಮೆತ್ತಿಕೊಳ್ಳುತ್ತಿತ್ತು. ಹೊಳೆಗೆ ದಾರಿ ಗೊತ್ತಿರಲಿಲ್ಲ. ಸಿಕ್ಕಸಿಕ್ಕವರನ್ನು ನಿಲ್ಲಿಸಿ, "ಕಡಲಿಗೆ ಯಾವ ಕಡೆ ಹೋಗಬೇಕು?" ಎಂದು ಕೇಳುತ್ತ ಹರಿಯುತ್ತಿತ್ತು.

ಆಗ ಎಲ್ಲರೂ ಎಲ್ಲರ ಜೊತೆ ಮಾತಾಡುತ್ತಿದ್ದರು. ಮನುಷ್ಯರು ಮರದ ಜೊತೆ, ಮರ ಗಾಳಿಯ ಜೊತೆ, ಗಾಳಿ ಇರುವೆಯ ಜೊತೆ. ಸಂಜೆಯಾದರೆ ಎಲ್ಲ ಕಡೆ ಗಲಗಲ.

ಇನ್ನೊಂದು ವಿಷಯ. ಆಗ ಯಾರೂ ಗಿಡದಿಂದ ಒಂದೆಲೆಯನ್ನೂ ಕಿತ್ತವರಲ್ಲ. ಉದುರಿದ ಹಣ್ಣು ತಿನ್ನುತ್ತಿದ್ದರು. ಉದುರಿದ ಕಾಳು ಬೇಯಿಸುತ್ತಿದ್ದರು. ಉದುರಿದ ಪುಳ್ಳೆ ಉರಿಸುತ್ತಿದ್ದರು. ನಿನ್ನೆ ತಾನೇ ಕಷ್ಟಸುಖ ಮಾತಾಡಿದ ಗಿಡದ ಮೈಗೆ ಕೈ ಹಾಕಿ ಮುರಿಯುವುದುಂಟೇ? ಅಂಥ ಯೋಚನೆಯೇ ಯಾರ ತಲೆಗೂ ಬಂದಿರಲಿಲ್ಲ.

ಹೊಳೆಯ ತಿರುವಿನಲ್ಲಿ ಏಳು ಗುಡಿಸಲುಗಳಿದ್ದವು. ಕೊನೆಯದು ಹೊನ್ನಿಯದು. ಹೊನ್ನಿಯ ಗಂಡ ಹೊಳೆಗೆ ದಾರಿ ತೋರಿಸಲೆಂದು ಅದರ ಜೊತೆಯಲ್ಲೇ ಕಡಲಿನ ಕಡೆಗೆ ನಡೆದುಹೋಗಿದ್ದ. ಬರುವುದು ತಡವಾಗುತ್ತದೆ ಎಂದು ಹೇಳಿಯೇ ಹೋಗಿದ್ದ. ಮನೆಯಲ್ಲಿ ಇದ್ದವರು ಹೊನ್ನಿ, ಅವಳ ಅತ್ತೆ ಸಾಕವ್ವ, ಆರು ವರ್ಷದ ಮಗಳು ಜವನಿ, ಮೂರು ತಿಂಗಳ ಕೂಸು. ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ.

ಗುಡಿಸಲ ಹಿಂದೆ, ಎರಡು ಕಲ್ಲುಗಳ ಸಂದಿಯಲ್ಲಿ ಒಂದು ಗಿಡ ಇತ್ತು. ಬಲು ನಾಚಿಕೆಯ ಗಿಡ. ಅದರ ಎಲೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ, ನುಣ್ಣಗೆ. ಹಿಂದೆ ಕೈಯಿಟ್ಟರೆ ಬೆರಳು ಕಾಣುತ್ತಿತ್ತು. ವಾಸನೆ ಇಲ್ಲ, ಹೇಳಿಕೊಳ್ಳುವಂಥ ಹೂವೂ ಇಲ್ಲ. ಯಾರೂ ಅದನ್ನು ಮಾತಿಗೆ ಕರೆಯುತ್ತಿರಲಿಲ್ಲ. ಜವನಿ ಒಬ್ಬಳೇ ಅದರ ಪಕ್ಕ ಕೂತು ಕಲ್ಲಾಟ ಆಡುತ್ತಿದ್ದಳು.

"ಏ ತೆಳ್ಳೆಲೆ, ಈಗ ಯಾರ ಸರದಿ?" ಎಂದು ಕೇಳುತ್ತಿದ್ದಳು.

"ನಿಂದೇ ಇರಲಿ ಬಿಡು," ಎನ್ನುತ್ತಿತ್ತು ತೆಳ್ಳೆಲೆ.

ಆ ವರ್ಷ ಸೂರ್ಯ ಮೊದಲ ಸಲ ದಕ್ಷಿಣದಲ್ಲಿದ್ದ ತಂಗಿಯ ಮನೆಗೆ ಹೋದ. "ನಾಲ್ಕು ದಿನ ಇದ್ದು ಬರ್ತೀನಿ," ಎಂದಿದ್ದ. ತಂಗಿ ಬಿಡಬೇಕಲ್ಲ! ಒಂದು ದಿನ ಪಾಯಸ, ಒಂದು ದಿನ ಹೋಳಿಗೆ. ಸೂರ್ಯ ಇಲ್ಲಿಗೆ ತಡವಾಗಿ ಬಂದು, ಅವಸರದಲ್ಲಿ ಮುಖ ತೋರಿಸಿ, ಬೇಗ ಹೊರಟುಬಿಡುತ್ತಿದ್ದ.

ಹಾಗಾಗಿ ಲೋಕಕ್ಕೆ ಮೊದಲ ಚಳಿ ಬಂತು. ಚಳಿಯ ಹಿಂದೆಯೇ ಮೊದಲ ಮಂಜು ಬಂತು.

ಬೆಳಿಗ್ಗೆ ಎದ್ದು ಹೊರಗೆ ಬಂದವರು ಹೌಹಾರಿದರು. ಬೆಟ್ಟ ಇರಲಿಲ್ಲ! ನಿನ್ನೆ ಅಲ್ಲೇ ಇದ್ದ ಬೆಟ್ಟ! ಆರನೆಯ ಗುಡಿಸಲಿನ ದೊಡ್ಡಯ್ಯ ಏಳು ಗುಡಿಸಲಿಗೂ ಹಿರಿಯ. ಅವನು ಕೈ ಚಾಚಿದ. ಕೈಯೂ ಕಾಣಲಿಲ್ಲ. "ಅಯ್ಯೋ, ನನ್ನ ಕೈ ಯಾರೋ ಒಯ್ದರು!" ಎಂದು ಕೂಗಿದ.

ಜವನಿ ಮಾತ್ರ ಹೆದರಲಿಲ್ಲ. ಮಂಜಿನೊಳಕ್ಕೆ ಓಡಿದಳು. ಬಾಯಿ ತೆರೆದು ಅದನ್ನು ತಿನ್ನಲು ನೋಡಿದಳು. ಬಾಯಿಗೆ ಸಿಗಲಿಲ್ಲ. ಮೂಗಿನಿಂದ ಎಳೆದಳು. ಸಿಕ್ಕಿತು! ತಣ್ಣಗೆ, ಮಜವಾಗಿತ್ತು. ಬಿಸಿಲೇರುವ ತನಕ ಎಳೆದಳು, ಬಿಟ್ಟಳು, ಎಳೆದಳು, ಬಿಟ್ಟಳು.

ಆ ಮಂಜಿನೊಳಗೆ ಶೀತ ಎನ್ನುವವನಿದ್ದ. ಸಾಸಿವೆ ಕಾಳಿನಷ್ಟೂ ಇರಲಿಲ್ಲ. ಅವನಿಗೆ ಮನೆಯಿಲ್ಲ, ಮಠವಿಲ್ಲ. ಗಡಗಡ ನಡುಗುತ್ತ ಬೆಚ್ಚಗಿನ ಜಾಗ ಹುಡುಕುತ್ತಿದ್ದ. ಎದುರಿಗೇ ಎರಡು ಪುಟ್ಟ ಬಾಗಿಲು ಕಂಡವು. ಒಳಗಿಂದ ಬಿಸಿ ಗಾಳಿ ಬರುತ್ತಿತ್ತು. ಜವನಿ ಉಸಿರು ಎಳೆದಳು. ಶೀತ ಒಳಗೆ ಹೋಗಿ ಕೂತ.

ಮಾರನೆಯ ಬೆಳಿಗ್ಗೆ ಸಾಕವ್ವ ಹಿತ್ತಲಲ್ಲಿ ರಾಗಿ ಕುಟ್ಟುತ್ತಿದ್ದಳು. ಹೊನ್ನಿ ಕೂಸಿಗೆ ಹಾಲು ಕೊಡುತ್ತಿದ್ದಳು. ಜವನಿ ತೆಳ್ಳೆಲೆಯ ಮುಂದೆ ಕೂತು ಮೂಗು ಉಜ್ಜಿಕೊಂಡಳು.

"ಅಜ್ಜೀ, ನನ್ನ ಮೂಗಲ್ಲಿ ಯಾರೋ ನಡೆದಾಡ್ತಿದಾರೆ."

"ನಡೀಲಿ ಬಿಡವ್ವಾ. ಕಾಲು ನೊಂದರೆ ಕೂತ್ಕೋತಾರೆ."

"ಇಲ್ಲ ಅಜ್ಜೀ, ಕೂರ್ತಿಲ್ಲ. ಆ... ಆ..."

"ಏನೇ ಅದು, ಆ ಆ ಅಂತ?"

"ಆ... ಆ... ಆಕ್ಷೀ!"

ಅದು ಲೋಕದ ಮೊದಲ ಸೀನು, ಮಗಾ. ಅದಕ್ಕೆ ಮೊದಲು ಯಾರೂ ಸೀನಿರಲಿಲ್ಲ. ಮನುಷ್ಯರಿಲ್ಲ, ಬೆಕ್ಕಿಲ್ಲ, ನಾಯಿಯಿಲ್ಲ. ಅಂಥದೊಂದು ಸದ್ದು ಇರಬಹುದೆಂದು ಗುಡುಗಿಗೂ ಗೊತ್ತಿರಲಿಲ್ಲ.

ಎಲ್ಲವೂ ಗಪ್ಪಾಯಿತು.

ಸಾಕವ್ವ ಎತ್ತಿದ ಒನಕೆ ಎತ್ತಿದ ಹಾಗೇ ನಿಂತಿತು. ಹೊಳೆ ನಿಂತಲ್ಲೇ ನಿಂತು ತಾನು ಎಲ್ಲಿಗೆ ಹೊರಟಿದ್ದೆ ಎಂಬುದನ್ನೇ ಮರೆಯಿತು. ದಡದಲ್ಲಿದ್ದ ಆಮೆ ತಲೆಯನ್ನು ಸರಕ್ಕನೆ ಒಳಕ್ಕೆಳೆದುಕೊಂಡಿತು. ಪೊಟರೆಯಲ್ಲಿ ನಿದ್ದೆ ಮಾಡುತ್ತಿದ್ದ ಗೂಬೆ ಕಣ್ಣು ಬಿಟ್ಟಿದ್ದು ಬಿಟ್ಟಿತು, ಮತ್ತೆ ಅದಕ್ಕೆ ಸಣ್ಣ ಕಣ್ಣು ಮಾಡಲು ಬರಲೇ ಇಲ್ಲ. ಹುಣಸೆಮರದಿಂದ ಕಾಯಿಗಳು ಪಟಪಟ ಉದುರಿದವು.

ಎಲ್ಲರಿಗಿಂತ ಹತ್ತಿರ ಇದ್ದದ್ದು ತೆಳ್ಳೆಲೆ. ಸೀನು ನೇರವಾಗಿ ಅದರ ಮೈಮೇಲೇ ಬಂತು. ಅದಕ್ಕೆ ಅಡಿಯಿಂದ ಮುಡಿಯವರೆಗೆ ಜುಮ್ ಎಂದಿತು. ನುಣ್ಣಗಿದ್ದ ಎಲೆಯ ಮೇಲೆ ನವಿರಾದ ರೋಮ ಎದ್ದು ನಿಂತಿತು. ಬೆರಳಲ್ಲಿ ಸವರಿ ನೋಡು, ಆವತ್ತು ಎದ್ದ ರೋಮ ಇನ್ನೂ ಮಲಗಿಲ್ಲ.

ಮೊದಲು ಬಾಯಿ ಬಂದದ್ದು ಸಾಕವ್ವನಿಗೆ. ಒನಕೆ ಎಸೆದು ಓಡಿದಳು. ಮೊಮ್ಮಗಳ ತಲೆ ಮುಟ್ಟಿ ನೋಡಿದಳು, ಕಿವಿ ಮುಟ್ಟಿ ನೋಡಿದಳು. "ತಲೆ ಐತಾ? ಹಲ್ಲು ಐತಾ? ಪ್ರಾಣ ಹೋಗಿಬಿಡ್ತೇನೋ ಅಂದ್ಕೊಂಡೆನಲ್ಲೇ! ಚಿರಂಜೀವಿಯಾಗು ನನ್ನವ್ವಾ, ಚಿರಂಜೀವಿಯಾಗು!"

ಏಳು ಗುಡಿಸಲಿನವರೂ ಬಂದು ಸುತ್ತ ನಿಂತರು, ನಾಲ್ಕು ಮಾರು ದೂರದಲ್ಲಿ.

"ಎಲ್ಲಿಂದ ಬಂತಮ್ಮಾ ಆ ಸದ್ದು?" ದೊಡ್ಡಯ್ಯ ಕೇಳಿದ.

"ನನ್ನೊಳಗಿಂದ," ಎಂದಳು ಜವನಿ.

"ಇಷ್ಟು ಚಿಕ್ಕವಳ ಒಳಗೆ ಅಷ್ಟು ದೊಡ್ಡದು ಇತ್ತಾ?"

ಆಮೇಲೆ ಅವಳ ಮೂಗಿನಿಂದ ನೀರು ಇಳಿಯಿತು. ಒರೆಸಿದರು. ಮತ್ತೆ ಇಳಿಯಿತು. ದೊಡ್ಡಯ್ಯನ ಹೆಂಡತಿ ಎದೆ ಹಿಡಿದುಕೊಂಡಳು. "ಅಯ್ಯಯ್ಯೋ, ಹುಡುಗಿ ಸೋರ್ತಿದಾಳೆ ಕಣ್ರೋ! ಹೀಗೇ ಸೋರಿದ್ರೆ ಸಂಜೆಗೆ ಖಾಲಿಯಾಗ್ತಾಳೆ!"

ಖಾಲಿಯಾಗಬಾರದೆಂದು ಚೆಂಬು ಚೆಂಬು ನೀರು ಕುಡಿಸಿದರು. ಜವನಿ ಸೀನಿದಳು, ಸೋರಿದಳು, ಕುಡಿದಳು. ಪ್ರತಿ ಸೀನಿಗೂ ಎಲ್ಲರೂ ಒಂದೊಂದು ಹೆಜ್ಜೆ ಹಿಂದೆ ಸರಿದರು. ಹಗಲು ಹೀಗೇ ಕಳೆಯಿತು. ಖಾಲಿಯಾಗಲಿಲ್ಲ. ಮೈ ಬೆಚ್ಚಗಾಯಿತು, ತಲೆ ಭಾರವಾಯಿತು, ಗಂಟಲು ಕೆರೆಯಿತು. ಊಟದ ರುಚಿ ಗೊತ್ತಾಗಲಿಲ್ಲ. ಆದರೂ ಎರಡು ದಿನ ಮಲಗಿ ಮೂರನೆಯ ದಿನ ಎದ್ದು ಕೂತಳು.

"ಸದ್ಯ, ಬದುಕಿದಳು," ಎಂದರು ಎಲ್ಲರೂ.

ಆದರೆ ಶೀತನಿಗೆ ಒಂದು ಕೆಟ್ಟ ಬುದ್ಧಿ ಇತ್ತು. ಒಂದು ಮನೆಯಲ್ಲಿ ಕೂತರೆ ಪಕ್ಕದ ಮನೆಯನ್ನೂ ಇಣುಕಿ ನೋಡುತ್ತಿದ್ದ. ಜವನಿ ಕೂಸಿಗೆ ಮುತ್ತು ಕೊಟ್ಟಾಗ ಅಲ್ಲಿಗೂ ಹಾರಿದ.

ಕೂಸು ಸೀನಲಿಲ್ಲ. ಅದಕ್ಕೆ ಸೀನಲು ಬರುತ್ತಿರಲಿಲ್ಲ. ಅಷ್ಟು ಚಿಕ್ಕದು.

ಅದರ ಮೂಗು ಮುಚ್ಚಿಹೋಯಿತು, ಅಷ್ಟೇ.

ಹೊನ್ನಿ ಹಾಲು ಕೊಡಲು ಎತ್ತಿಕೊಂಡಳು. ಕೂಸು ಬಾಯಿ ಹಾಕಿತು. ಎರಡು ಸಲ ಚೀಪಿತು. ಉಸಿರು ಕಟ್ಟಿತು. ಬಿಟ್ಟು ಅತ್ತಿತು. ಮತ್ತೆ ಬಾಯಿ ಹಾಕಿತು, ಮತ್ತೆ ಉಸಿರು ಕಟ್ಟಿತು, ಮತ್ತೆ ಬಿಟ್ಟು ಅತ್ತಿತು. ಹಾಲು ಕುಡಿಯುವ ಕೂಸು ಮೂಗಿನಲ್ಲೇ ಉಸಿರಾಡಬೇಕಲ್ಲ, ಮಗಾ? ಕುಡಿದರೆ ಉಸಿರಿಲ್ಲ, ಉಸಿರಾಡಿದರೆ ಹಾಲಿಲ್ಲ.

ಹೊನ್ನಿಯ ಸೆರಗು ಹಾಲಿನಿಂದ ಒದ್ದೆಯಾಯಿತು. ಕೂಸಿನ ಹೊಟ್ಟೆ ಖಾಲಿಯಾಗೇ ಇತ್ತು.

ಬೆಳಿಗ್ಗೆ ಕೂಸು ಜೋರಾಗಿ ಅಳುತ್ತಿತ್ತು. ಬಿಸಿಲೇರುವ ಹೊತ್ತಿಗೆ ಮೆಲ್ಲಗೆ ಅಳುತ್ತಿತ್ತು. ಮಧ್ಯಾಹ್ನಕ್ಕೆ ಅಳುವುದನ್ನೇ ನಿಲ್ಲಿಸಿತು.

"ಅವ್ವಾ," ಜವನಿ ಬಾಗಿಲ ಹತ್ತಿರವೇ ನಿಂತು ಕೇಳಿದಳು, "ನನ್ನಿಂದ ಬಂತಾ?"

ಹೊನ್ನಿ ತಲೆಯೆತ್ತಿದಳು. ಮಗಳ ಮುಖ ಬಿಳಿಚಿಕೊಂಡಿತ್ತು.

"ಬಾ ಇಲ್ಲಿ. ಮುತ್ತು ಕೊಟ್ಟಿದ್ದು ತಪ್ಪಾ? ಬಾ, ನಿನ್ನ ಕಿವಿ ಚುರುಕು. ಒಳಗೆ ಯಾರಿದಾರೆ ಕೇಳು."

ಜವನಿ ಕೂಸಿನ ಮೂಗಿಗೆ ಕಿವಿಯಿಟ್ಟಳು. ಒಳಗೆ ಯಾರೋ ಕಾಲು ಚಾಚಿ ಆಕಳಿಸಿದ ಸದ್ದು ಕೇಳಿಸಿತು.

"ಯಾರು ನೀನು?"

"ನಾನು ಶೀತ. ಇಲ್ಲಿ ಬೆಚ್ಚಗಿದೆ. ನಾನು ಹೋಗಲ್ಲ."

ಹೊನ್ನಿ ಬಾಗಿ ಹೇಳಿದಳು, "ಹೊರಗೆ ಬಾರಪ್ಪಾ. ಒಲೆ ಪಕ್ಕ ಜಾಗ ಕೊಡ್ತೀನಿ. ಕಂಬಳಿ ಕೊಡ್ತೀನಿ."

"ಒಲೆ ಆರುತ್ತೆ," ಎಂದ ಶೀತ. "ಕೂಸು ಆರಲ್ಲ."

"ಕೂಸೂ ಆರುತ್ತೆ ಕಣೋ, ನೀನು ಅಲ್ಲೇ ಕೂತ್ರೆ!"

ಅದು ಶೀತನಿಗೆ ಗೊತ್ತಿರಲಿಲ್ಲ. ಆದರೂ ಹೊರಗಿನ ಚಳಿ ನೆನೆದು ಮತ್ತಷ್ಟು ಒಳಕ್ಕೆ ಸರಿದ.

ಗಾಳಿಗೆ ಕನಿಕರವಾಯಿತು. "ನಾನು ಊದಿ ತಳ್ಳಲಾ?" ಎಂದು ಊದಿತು. ಶೀತ ಇನ್ನೂ ಆಳಕ್ಕೆ ಹೋದ. "ಬೇಡ ಬೇಡ!" ಎಂದು ಸಾಕವ್ವ ಗಾಳಿಯನ್ನು ಹೊರಗೆ ಅಟ್ಟಿದಳು.

ಆಮೇಲೆ ಸಾಕವ್ವ ಒಲೆಯ ಮುಂದೆ ಕೂತು ಯೋಚಿಸಿದಳು. ಉದುರಿದ ಎಲೆಗಳನ್ನು ಒಲೆಗೆ ಹಾಕಿದಳು. ಹೊಗೆ ಎದ್ದಿತು. ಜವನಿಯ ಮೂಗಿನಲ್ಲಿ ಉಳಿದಿದ್ದ ಒಂಚೂರು ಶೀತ ಆ ಹೊಗೆಗೆ ಮಿಸುಕಾಡಿದ. ಜವನಿ ಮೂಗು ಉಜ್ಜಿದಳು. ಸಾಕವ್ವ ಅದನ್ನು ನೋಡಿದಳು.

"ಘಾಟು ಅವನಿಗೆ ಆಗಲ್ಲ," ಎಂದಳು. "ಆದರೆ ಹೊಗೆ ಕೂಸಿಗೂ ಆಗಲ್ಲ. ಒಣಗಿ ಬಿದ್ದ ಎಲೆಯಲ್ಲಿ ಹೊಗೆ ಬಿಟ್ರೆ ಏನಿದೆ? ಸತ್ವ ಇರೋದು ಹಸಿ ಎಲೆಯಲ್ಲಿ..."

ಹೇಳಿದವಳೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಹೊನ್ನಿ ಬೆಚ್ಚಿ ಅತ್ತೆಯ ಮುಖ ನೋಡಿದಳು. ಜವನಿ ಅವ್ವನ ಮುಖ ನೋಡಿದಳು. ಹಸಿ ಎಲೆ! ಬದುಕಿರುವ ಗಿಡದ ಎಲೆ! ಗುಡಿಸಲಿನ ಮಾಡಿನ ಹುಲ್ಲೂ ಆ ಮಾತಿಗೆ ನಡುಗಿತು.

"ನಾನು ಹಾಗೆ ಹೇಳಲಿಲ್ಲ," ಎಂದಳು ಸಾಕವ್ವ.

ಹೊನ್ನಿ ಕೂಸನ್ನು ನೋಡಿದಳು. ಅದರ ಎದೆ ಹಕ್ಕಿಮರಿಯ ಎದೆಯ ಹಾಗೆ ಬೇಗ ಬೇಗ ಏರಿಳಿಯುತ್ತಿತ್ತು. ಅದನ್ನು ಅತ್ತೆಯ ಮಡಿಲಿಗೆ ಹಾಕಿ ಎದ್ದಳು.

ಮೊದಲು ಹುಣಸೆಮರದ ಹತ್ತಿರ ಹೋದಳು. ಅದು ಎಲ್ಲ ಮರಗಳಿಗೂ ಹಿರಿಯ. ಹೊನ್ನಿ ಹುಟ್ಟಿದ ದಿನ ಅವಳಿಗೆ ನೆರಳು ಕೊಟ್ಟಿದ್ದೇ ಅದು.

"ತಾತಾ, ಒಂದೇ ಒಂದು ಎಲೆ ಕೊಡ್ತೀಯಾ?"

"ಕೆಳಗೆ ರಾಶಿ ಬಿದ್ದಿದೆಯಲ್ಲ, ತಗೋ."

"ಉದುರಿದ್ದಲ್ಲ ತಾತಾ. ಮೇಲಿಂದು."

ಹುಣಸೆಮರದ ಕೊಂಬೆಯಲ್ಲಿ ಕೂತ ಹಕ್ಕಿಗಳೆಲ್ಲ ಒಟ್ಟಿಗೇ ಎದ್ದು ಹಾರಿದವು.

"ಏನಂದೆ?"

"ಕೂಸು ಹಾಲು ಕುಡೀತಿಲ್ಲ ತಾತಾ. ಬೆಳಿಗ್ಗೆಯಿಂದ ಒಂದು ಗುಟುಕೂ ಇಲ್ಲ."

"ಕೂಸಿನ ವಿಷಯ ಕೇಳಿ ನನಗೂ ಸಂಕಟ ಆಗುತ್ತೆ, ಹೊನ್ನೀ. ಆದರೆ ಇವತ್ತು ಒಂದೆಲೆ ಅಂತೀಯ. ನಾಳೆ ಒಂದು ಕೊಂಬೆ ಅಂತೀರ. ನಾಡಿದ್ದು ಬುಡಕ್ಕೇ ಬರ್ತೀರ. ಹೋಗು. ಆ ಮಾತು ಇನ್ನೊಂದು ಸಲ ಆಡಬೇಡ."

ಶುಂಠಿ ಆಗೆಲ್ಲ ನೆಲದ ಮೇಲೆಯೇ ತನ್ನ ದಪ್ಪ ದಪ್ಪ ಬೆರಳು ಚಾಚಿಕೊಂಡು ಬಿಸಿಲು ಕಾಯಿಸುತ್ತ ಕೂರುತ್ತಿತ್ತು. ಹೊನ್ನಿ ಅದರ ಕಡೆ ತಿರುಗಿದಳು, ಅಷ್ಟೇ. ಬಾಯಿ ಕೂಡ ತೆರೆದಿರಲಿಲ್ಲ. ಶುಂಠಿ ಗಾಬರಿಯಲ್ಲಿ ಬೆರಳುಗಳನ್ನೆಲ್ಲ ಮಣ್ಣಿನೊಳಕ್ಕೆ ತೂರಿಸಿಕೊಂಡಿತು. ಇವತ್ತಿಗೂ ಅದು ಮೇಲೆ ಬಂದಿಲ್ಲ, ನಾವೇ ಅಗೆದು ಕರೆತರಬೇಕು.

ಹೊನ್ನಿ ಎಲ್ಲಿ ಹೋದರೂ ಗಿಡಗಳು ಹಿಂದೆ ಬಾಗಿದವು. ಬಳ್ಳಿಗಳು ಮರದ ಹಿಂದೆ ಅಡಗಿದವು. ನಿನ್ನೆವರೆಗೆ "ಬಾ ಹೊನ್ನೀ, ಕೂರು ಹೊನ್ನೀ" ಎಂದವರೇ ಅವಳ ಕೈಯನ್ನೇ ನೋಡುತ್ತಿದ್ದರು.

ಅವಳು ವಾಪಸು ಬಂದು ಗುಡಿಸಲ ಹಿಂದೆ ಕಲ್ಲಿನ ಮೇಲೆ ಕುಸಿದು ಕೂತಳು. ಜವನಿ ಪಕ್ಕದಲ್ಲಿ ಬಂದು ಕೂತಳು.

"ಹೊನ್ನಕ್ಕಾ."

ಯಾರು ಕರೆದದ್ದು? ಸುತ್ತ ನೋಡಿದಳು.

"ಇಲ್ಲಿ, ಕೆಳಗೆ. ನಾನು."

ತೆಳ್ಳೆಲೆ! ಅದು ದೊಡ್ಡವರನ್ನು ತಾನಾಗಿ ಮಾತಾಡಿಸಿದ್ದು ಅದೇ ಮೊದಲು.

"ನನ್ನ ಮುರಿ," ಎಂದಿತು.

ಜವನಿ ಚೀರಿದಳು. "ಬೇಡ! ಅವ್ವಾ, ಅದು ನನ್ನ ಗೆಳತಿ!"

ಹೊನ್ನಿ ಗಿಡದ ಕಡೆ ಬಾಗಿದಳು. "ಏನು ಹೇಳ್ತಿದೀಯ ಅನ್ನೋದು ಗೊತ್ತಾ ನಿನಗೆ? ನೋವಾಗುತ್ತೆ."

"ಆಗುತ್ತೇನೋ. ಎಷ್ಟು ಅಂತ ಗೊತ್ತಿಲ್ಲ. ಯಾರನ್ನೂ ಇನ್ನೂ ಮುರಿದಿಲ್ಲವಲ್ಲ, ಕೇಳೋಣ ಅಂದ್ರೆ."

"ಮುರಿದರೂ ಪ್ರಯೋಜನ ಆಗುತ್ತಾ? ನಿನ್ನಲ್ಲಿ ಒಂದು ವಾಸನೆಯೂ ಇಲ್ಲವಲ್ಲೇ."

"ಅದೂ ಗೊತ್ತಿಲ್ಲ. ನನ್ನೊಳಗೆ ಏನಿದೆ ಅಂತ ನಾನೇ ನೋಡಿಲ್ಲ." ತೆಳ್ಳೆಲೆ ನಡುಗುತ್ತಿತ್ತು. "ಜವನಿ ಸೀನಿದ ದಿನದಿಂದ ಹೆದರಿಕೊಂಡೇ ಇದೀನಿ. ಹೆದರಿ ಹೆದರಿ ಸಾಕಾಯ್ತು. ಕೂಸು ಅಳೋದು ನನಗೆ ಇಲ್ಲಿಂದ ಕೇಳಿಸ್ತಿತ್ತು. ಈಗ ಕೇಳಿಸ್ತಿಲ್ಲ. ಬೇಗ ಮುರಿ ಹೊನ್ನಕ್ಕಾ, ನಾನು ಮನಸ್ಸು ಬದಲಾಯಿಸೋ ಮೊದಲು."

ಹೊನ್ನಿ ಮಗಳನ್ನು ನೋಡಿದಳು. ಜವನಿ ಕಣ್ಣೊರೆಸಿಕೊಂಡು ತೆಳ್ಳೆಲೆಯ ಬುಡಕ್ಕೆ ತನ್ನ ಪುಟ್ಟ ಕೈಯಿಟ್ಟು ಹಿಡಿದುಕೊಂಡಳು. "ನಾನು ಇಲ್ಲೇ ಇದೀನಿ," ಎಂದಳು.

ಹೊನ್ನಿ ಕಣ್ಣು ಮುಚ್ಚಿದಳು. ಒಂದು ಕಡ್ಡಿ ಹಿಡಿದಳು.

ಟಕ್.

ಅಷ್ಟು ಸಣ್ಣ ಸದ್ದು. ಆದರೆ ಅದು ಬೆಟ್ಟದ ಆಚೆಗೂ ಕೇಳಿಸಿತು.

ತೆಳ್ಳೆಲೆ ಕೂಗಲಿಲ್ಲ. ಕೂಗಿದರೆ ಒಳಗೆ ಕೂಸು ಬೆಚ್ಚೀತು ಎಂದು ಕೂಗನ್ನು ನುಂಗಿಕೊಂಡಿತು. ನುಂಗಿದ ಕೂಗು ಎಲ್ಲಿಗೆ ಹೋಗಬೇಕು? ಎಲೆಯೆಲೆಗೂ ನುಗ್ಗಿತು, ನರನರಕ್ಕೂ ನುಗ್ಗಿತು. ಅಲ್ಲಿ ಅದು ಘಾಟಾಯಿತು.

ಹೊನ್ನಿಯ ಕೈಯಿಂದ ಆ ಘಾಟು ಎದ್ದು ಮೂಗಿಗೆ ಬಡಿಯಿತು. ಅವಳ ಕಣ್ಣಲ್ಲಿ ನೀರು ಬಂತು. ಅಂಥ ವಾಸನೆಯನ್ನು ಅವಳು ಕಂಡೇ ಇರಲಿಲ್ಲ. ಖಾರವೂ ಹೌದು, ತಂಪೂ ಹೌದು, ಮೂಗಿನ ತುದಿಯಿಂದ ನೆತ್ತಿಯವರೆಗೆ ದಾರಿ ಬಿಡಿಸಿಕೊಂಡು ಹೋಗುವಂಥದ್ದು.

"ಮುರಿದುಬಿಟ್ಟರು!" ದೂರದಿಂದ ಹುಣಸೆಮರದ ಧ್ವನಿ ಕೇಳಿಸಿತು. ಕೋಪಕ್ಕಿಂತ ದಿಗಿಲೇ ಹೆಚ್ಚಿತ್ತು ಅದರಲ್ಲಿ. "ಮುರಿದೇಬಿಟ್ಟರು! ಇನ್ನು ಇವರ ಜೊತೆ ನಮಗೆ ಮಾತಿಲ್ಲ!"

ಹೊನ್ನಿಗೆ ನಿಂತು ಕೇಳಲು ಹೊತ್ತಿರಲಿಲ್ಲ. ಒಳಗೆ ಓಡಿದಳು. ಜವನಿಯೂ ಹಿಂದೆಯೇ ಬಂದಳು.

ಸಾಕವ್ವ ಎಲೆ ನೋಡಿದಳು, ಸೊಸೆಯ ಮುಖ ನೋಡಿದಳು. ಕೆಂಡ ಕೆದಕಿದಳು. ಎರಡೆಲೆಗಳನ್ನು ಕೆಂಡದ ಮೇಲೆ ಹಿಡಿದು ಬಾಡಿಸಿದಳು. ಉಳಿದವನ್ನು ಮಡಕೆಯ ಕುದಿನೀರಿಗೆ ಹಾಕಿ, ಕೂಸಿಗೆ ಬಿಸಿ ತಾಗದಷ್ಟು ದೂರದಲ್ಲಿಟ್ಟಳು. ಬಾಗಿಲಿಗೆ ಕಂಬಳಿ ಇಳಿಬಿಟ್ಟಳು. ಗುಡಿಸಲ ತುಂಬ ಘಮ ಹಬ್ಬಿತು.

ಬಾಡಿಸಿದ ಒಂದೆಲೆಯನ್ನು ಹೊನ್ನಿ ತನ್ನ ಕೆನ್ನೆಗೆ ಒತ್ತಿ ನೋಡಿದಳು. ಬಿಸಿ ಹದವಾಗಿದೆ ಎನಿಸಿದ ಮೇಲೆ ಕೂಸಿನ ಎದೆಯ ಮೇಲಿಟ್ಟಳು. ಇನ್ನೊಂದೆಲೆಯನ್ನು ಸಾಕವ್ವ ಹಿಂಡಿ ಎರಡು ಹನಿ ರಸ ತೆಗೆದಳು. ಮಾಡಿನ ಮೂಲೆಯಲ್ಲಿ ಗೂಡು ಕಟ್ಟಿದ್ದ ಜೇನು ಕೇಳದೆಯೇ ಒಂದು ತೊಟ್ಟು ಜೇನುತುಪ್ಪ ಇಳಿಸಿತು. ಎರಡನ್ನೂ ಬೆರೆಸಿ ಕೆಮ್ಮುತ್ತಿದ್ದ ಜವನಿಯ ನಾಲಿಗೆಗೆ ಹಚ್ಚಿದರು. ಜವನಿ ಮುಖ ಕಿವಿಚಿದಳು. ಮೂರು ದಿನದ ಮೇಲೆ ಅವಳಿಗೆ ರುಚಿ ಎಂಬುದು ಗೊತ್ತಾಗಿತ್ತು!

ಕೂಸಿನ ಮೂಗಿನೊಳಗೆ ಶೀತ ಎದ್ದು ಕೂತ.

"ಇದೇನಿದು? ಯಾರು ಒಳಗೆ ಬಂದವರು? ನನ್ನ ಕಣ್ಣು ಉರೀತಿದೆ!"

ಘಮ ಒಳಕ್ಕೆ ಹೋಗುತ್ತಲೇ ಇತ್ತು. ಶೀತ ಆ ಮೂಲೆಗೆ ಓಡಿದ, ಈ ಮೂಲೆಗೆ ಓಡಿದ. ಎಲ್ಲ ಮೂಲೆಯಲ್ಲೂ ಘಮ.

ಕೂಸಿನ ಮೂಗು ಸುಕ್ಕಾಯಿತು. ಹಣೆ ಸುಕ್ಕಾಯಿತು. ಬಾಯಿ ತೆರೆಯಿತು. ಹೊನ್ನಿ, ಸಾಕವ್ವ, ಜವನಿ ಮೂವರೂ ಉಸಿರು ಬಿಗಿಹಿಡಿದರು.

"ಇ... ಇ... ಇಕ್ಷಿ!"

ಕಾಳಷ್ಟು ಸೀನು. ಶೀತ ಆ ರಭಸಕ್ಕೆ ಲಾಗ ಹಾಕುತ್ತ ಹೊರಗೆ ಬಿದ್ದ. ಕಂಬಳಿಯ ಸಂದಿಯಲ್ಲಿ ನುಸುಳಿ ಓಡಿದ. ಓಡುತ್ತಲೇ ಕೂಗಿದ, "ಮುಂದಿನ ಮಂಜಿಗೆ ಮತ್ತೆ ಬರ್ತೀನಿ, ನೋಡ್ತಿರಿ!"

"ಬಾ, ಬಾ," ಎಂದಳು ಸಾಕವ್ವ.

ಹೊನ್ನಿ ಕೂಸನ್ನು ಎದೆಗೆ ಹಚ್ಚಿಕೊಂಡಳು. ಕೂಸು ಬಾಯಿ ಹಾಕಿತು. ಒಂದು ಸಲ ಚೀಪಿತು. ಎರಡು ಸಲ. ಮೂರು ಸಲ. ಬಿಡಲಿಲ್ಲ. ಗುಟುಕ್, ಗುಟುಕ್, ಗುಟುಕ್. ಗುಡಿಸಲಲ್ಲಿ ಬೇರೆ ಸದ್ದೇ ಇರಲಿಲ್ಲ. ಸಾಕವ್ವ ಗೋಡೆಗೆ ಒರಗಿ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಕೂಸು ಮಲಗಿದ ಮೇಲೆ ಹೊನ್ನಿ ಹುಣಸೆಮರಕ್ಕೆ ಹೇಳಿ ಬರಲು ಹೋದಳು.

"ತಾತಾ, ಕೂಸು ಕುಡೀತು."

ಮರ ಸುಮ್ಮನಿತ್ತು.

"ಕೋಪಾನಾ ತಾತಾ?"

ಮರ ಸುಮ್ಮನಿತ್ತು. ಎಲೆ ಅಲ್ಲಾಡಿತು, ಆದರೆ ಅದು ಗಾಳಿಗೆ.

ಹೊನ್ನಿ ಅತ್ತಿಮರವನ್ನು ಕರೆದಳು. ಬಿದಿರನ್ನು ಕರೆದಳು. ಗರಿಕೆಯನ್ನು ಕರೆದಳು. ಒಂದೂ ಓಗೊಡಲಿಲ್ಲ. ಏಳು ಗುಡಿಸಲಿನವರೂ ದಿಕ್ಕುತೋಚದೆ ಮರದಿಂದ ಮರಕ್ಕೆ ಓಡಾಡಿದರು. ದೊಡ್ಡಯ್ಯ ಮಾವಿನಮರದ ಬೊಡ್ಡೆ ತಟ್ಟಿ ತಟ್ಟಿ ಕೈ ಕೆಂಪು ಮಾಡಿಕೊಂಡ. ಸಾಕವ್ವ ಹುಣಸೆಯ ಕೆಳಗೆ ನಿಂತು, "ಬೈಯಾದರೂ ಬೈಯೋ ಮಾರಾಯಾ! ಸುಮ್ಮನೆ ನಿಂತ್ರೆ ಹೇಗೆ ತಡ್ಕೊಳ್ಳೋದು?" ಎಂದಳು.

ಆ ಸಂಜೆ ಲೋಕದಲ್ಲಿ ಮೊದಲ ಸಲ ಮರಗಳ ಮಾತಿಲ್ಲದ ಸಂಜೆ. ಎಲ್ಲರೂ ಬೇಗ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಹೊನ್ನಿ ಮಾತ್ರ ಹಿತ್ತಲಿಗೆ ಹೋದಳು. ತೆಳ್ಳೆಲೆಯ ಬುಡದಲ್ಲಿ ಜವನಿ ಮತ್ತೆ ಬಂದು ಕೂತಿದ್ದಳು. "ಇದೂ ಮಾತಾಡ್ತಿಲ್ಲ, ಅವ್ವಾ," ಎಂದು ಬಿಕ್ಕಿದಳು.

ಹೊನ್ನಿಯ ಕೈಯಲ್ಲಿ ಎಲೆ ಬಿಡಿಸಿ ಉಳಿದ ಬರಿಯ ಕಡ್ಡಿ ಇತ್ತು. ಎಸೆಯಲು ಅವಳಿಗೆ ಮನಸ್ಸೊಪ್ಪಲಿಲ್ಲ. ಮತ್ತೆ ಗಿಡಕ್ಕೆ ಅಂಟಿಸಲು ನೋಡಿದಳು. ಅಂಟಲಿಲ್ಲ. ಕೊನೆಗೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಯಾವಾಗಲೂ ನೀರು ಹರಿದು ಒದ್ದೆಯಾಗಿರುತ್ತಿದ್ದ ಮಣ್ಣಿನಲ್ಲಿ ಆ ಕಡ್ಡಿಯನ್ನು ನೆಟ್ಟಳು. ಬೊಗಸೆಯಲ್ಲಿ ನೀರು ಹಾಕಿದಳು.

"ಇದೀಯೇನೇ?" ಎಂದು ಕೇಳಿದಳು.

ಉತ್ತರ ಬರಲಿಲ್ಲ.

ಮಾರನೆಯ ದಿನ ಕೂಸಿನ ಬಟ್ಟೆ ಒಗೆದು ಮತ್ತೆ ಕೇಳಿದಳು, "ಇದೀಯೇನೇ?" ಉತ್ತರ ಬರಲಿಲ್ಲ. ಅದರ ಮಾರನೆಯ ದಿನವೂ ಕೇಳಿದಳು. ಒಗೆಯಲು ಬಂದ ಹೆಂಗಸರು ಅವಳನ್ನು ನೋಡಿ ತಲೆ ತಗ್ಗಿಸಿ ಹೋಗುತ್ತಿದ್ದರು.

ಎಂಟನೆಯ ದಿನ ಬೆಳಿಗ್ಗೆ ಜವನಿ ಕೂಗಿದಳು. "ಅವ್ವಾ! ಅಜ್ಜೀ! ಬನ್ನಿ!"

ಕಡ್ಡಿ ಬೇರು ಬಿಟ್ಟಿತ್ತು. ಅದರ ತುದಿಯಲ್ಲಿ ಎರಡು ಎಲೆ. ಈರುಳ್ಳಿ ಸಿಪ್ಪೆಯಂಥವಲ್ಲ. ದಪ್ಪ, ಅಗಲ, ರಸ ತುಂಬಿ ಉಬ್ಬಿದವು. ಇನ್ನೊಂದು ಕೂಸಿಗೆ ಬೇಕಾದರೆ ಒಂದೆಲೆಯೇ ಸಾಲಬೇಕು ಎಂದು ಲೆಕ್ಕ ಹಾಕಿ ತುಂಬಿಕೊಂಡ ಹಾಗಿತ್ತು.

"ಇದೀಯೇನೇ?" ಎಂದು ಹೊನ್ನಿ ಕೇಳಿದಳು. ಕೇಳುತ್ತ ಎಲೆಯನ್ನು ಬೆರಳ ತುದಿಯಿಂದ ಹಗುರಾಗಿ ಸವರಿದಳು. ಕೀಳಲಿಲ್ಲ, ಮುರಿಯಲಿಲ್ಲ, ಸವರಿದಳು ಅಷ್ಟೇ.

ಘಮ್ ಎಂದು ವಾಸನೆ ಎದ್ದಿತು.

ಹೊನ್ನಿ ಅಲ್ಲೇ ಕೂತುಬಿಟ್ಟಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಜವನಿಗೆ ತಿಳಿಯಲಿಲ್ಲ.

"ಮಾತಾಡ್ತು ಕಣೇ," ಎಂದಳು ಸಾಕವ್ವ ಮೆಲ್ಲಗೆ. "ಕಿವಿಗಲ್ಲ, ಮೂಗಿಗೆ."

ಆಮೇಲೆ ಉಳಿದ ಆರು ಗುಡಿಸಲಿನವರೂ ಬಂದು ಒಂದೊಂದು ಕಡ್ಡಿ ಕೇಳಿದರು. ಹೊನ್ನಿ ಪ್ರತಿ ಸಲವೂ ಗಿಡಕ್ಕೆ ಹೇಳಿಯೇ ಮುರಿದುಕೊಟ್ಟಳು. ಅಷ್ಟು ದೊಡ್ಡ ಎಲೆಯನ್ನು ತೆಳ್ಳೆಲೆ ಎನ್ನುವುದು ಹೇಗೆ? ಅದಕ್ಕೆ ದೊಡ್ಡಪತ್ರೆ ಎಂದು ಹೆಸರಿಟ್ಟರು. ಕೂಸಿಗೂ ಅದೇ ದಿನ ಹೆಸರಿಟ್ಟರು, ಆದರೆ ಆ ಹೆಸರು ಈಗ ಯಾರಿಗೂ ನೆನಪಿಲ್ಲ.

ಹಾಗಾಗಿಯೇ ಮಗಾ, ಮರಗಳೆಲ್ಲ ನಮ್ಮ ಜೊತೆ ಮಾತು ಬಿಟ್ಟಿದ್ದರೂ ಬಚ್ಚಲ ಪಕ್ಕದ ದೊಡ್ಡಪತ್ರೆ ಬಿಟ್ಟಿಲ್ಲ. ಅದರ ಕಡ್ಡಿ ಮುರಿದು ಎಲ್ಲಿ ನೆಟ್ಟರೂ ಚಿಗುರುತ್ತದೆ, ನೀನು ಹೋಗುತ್ತ ಬರುತ್ತ ಸುಮ್ಮನೆ ಕೈ ತಾಗಿಸಿದರೂ ಸಾಕು, ಘಮ್ ಎಂದು ವಾಸನೆಯಲ್ಲೇ "ಹೂಂ, ಇದೀನಿ" ಎನ್ನುತ್ತದೆ.